ಡೊಳ್ಳು ಹೊಟ್ಟೆಯೋ, ಜೋಲು ಹೊಟ್ಟೆಯೋ: ಲೈಪೊಸಕ್ಷನ್ ಯಾರಿಗೆ, ಯಾರಿಗಲ್ಲ

ಚರ್ಮದಡಿಯ ಕೊಬ್ಬನ್ನು ಕೊಳವೆಯಿಂದ ಸೇದಿ ತೆಗೆಯುವ ಲೈಪೊಸಕ್ಷನ್ ಶಸ್ತ್ರಚಿಕಿತ್ಸೆ ಮುಗಿದು ಸಕ್ಷನ್ ಯಂತ್ರ ನಿಂತ ಮೇಲೆ, ಅದರ ಬಾಟಲಿಯನ್ನು ಒಂದು ಗಂಟೆ ಅಲುಗಿಸದೆ ಮೂಲೆಯಲ್ಲಿಟ್ಟರೆ ಒಳಗಿನದು ತಾನಾಗಿ ಪದರ ಪದರವಾಗಿ ಬೇರೆಯಾಗುತ್ತದೆ. ಎಲ್ಲಕ್ಕಿಂತ ಮೇಲೆ ಎಣ್ಣೆಯ ತೆಳು ಪೊರೆ. ಅದರಡಿ ಹಳದಿ ಕೊಬ್ಬು, ಮಜ್ಜಿಗೆ ಕಡೆಯುವಾಗ ಬೆಣ್ಣೆ ಇನ್ನೂ ಉಂಡೆಕಟ್ಟದೆ ತೇಲುತ್ತದಲ್ಲ, ಹಾಗೆ ಹರಳುಹರಳಾಗಿ. ತಳದಲ್ಲಿ ನಸುಗೆಂಪು ನೀರು. ಆಪರೇಷನ್ ಥಿಯೇಟರಿನಲ್ಲಿ ಹದಿನಾಲ್ಕು ವರ್ಷ ನರ್ಸ್ ಆಗಿದ್ದವಳು ನಾನು. ಈ ಬಾಟಲಿಯ ಅಳತೆಯನ್ನು ಚೀಟಿಯಲ್ಲಿ ಬರೆಯುವುದು ನನ್ನ ಕೆಲಸಗಳಲ್ಲೊಂದು. ಬಾಗಿಲ ಹೊರಗೆ ಕಾಯುತ್ತಿದ್ದ ಮನೆಯವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಸಿಸ್ಟರ್, ಎಷ್ಟು ಕೆಜಿ ತೆಗೆದರು?"

ಕೆಜಿ ಅಲ್ಲ, ಲೀಟರ್. ಆ ಲೀಟರೂ ಪೂರ್ತಿ ಕೊಬ್ಬಲ್ಲ. ಲೈಪೊಸಕ್ಷನ್ ಮಾಡಿಸಿಕೊಳ್ಳಲೋ, ಬೇರೆ ದಾರಿ ಹಿಡಿಯಲೋ ಎಂದು ತೂಗುತ್ತಿರುವವರು ಮೊದಲು ಈ ಬಾಟಲಿಯನ್ನು ಅರ್ಥ ಮಾಡಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಬಾಟಲಿಯ ಲೆಕ್ಕ

ಕೊಬ್ಬನ್ನು ಸೇದುವ ಮೊದಲು ಆ ಜಾಗಕ್ಕೆ ಲೀಟರುಗಟ್ಟಲೆ ಸಲೈನ್ ತುಂಬುತ್ತಾರೆ. ಅದರಲ್ಲಿ ಮರಗಟ್ಟಿಸುವ ಲಿಗ್ನೊಕೇನ್ ಇರುತ್ತದೆ, ಲೀಟರಿಗೆ ಸುಮಾರು ಒಂದು ಮಿಲಿಗ್ರಾಂ ಅಡ್ರಿನಲಿನ್ ಇರುತ್ತದೆ, ಸ್ವಲ್ಪ ಸೋಡಿಯಂ ಬೈಕಾರ್ಬನೇಟ್ ಇರುತ್ತದೆ. ಅಡ್ರಿನಲಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹತ್ತಿಪ್ಪತ್ತು ನಿಮಿಷದಲ್ಲಿ ಚರ್ಮ ಬಿಳಿಚಿಕೊಂಡು ಗಟ್ಟಿಯಾಗುತ್ತದೆ. ಆಮೇಲೆ ಕೆಲವೇ ಮಿಲಿಮೀಟರ್ ಉದ್ದದ ಗಾಯ ಮಾಡಿ, ಮೊಂಡು ತುದಿಯ, ಪಕ್ಕದಲ್ಲಿ ತೂತುಗಳಿರುವ ಉಕ್ಕಿನ ಕೊಳವೆಯನ್ನು ಒಳಗೆ ತೂರಿಸಿ ಹಿಂದೆ ಮುಂದೆ ಆಡಿಸುತ್ತಾರೆ. ಈ ಕೊಳವೆಗೆ ಕ್ಯಾನುಲಾ ಎಂದು ಹೆಸರು.

1970ರ ದಶಕದಲ್ಲಿ ಇಟಲಿಯ ಫಿಶರ್ ತಂದೆ-ಮಗ ಈ ವಿದ್ಯೆಯನ್ನು ಆರಂಭಿಸಿದರು. ಪ್ಯಾರಿಸಿನ ಇಲ್ಲೂಸ್ ಅದನ್ನು ತಿದ್ದಿ ಜನಪ್ರಿಯಗೊಳಿಸಿದರು. ದ್ರವ ತುಂಬದೆ ಒಣಗೊಬ್ಬನ್ನೇ ಸೇದುತ್ತಿದ್ದ ಕಾಲದಲ್ಲಿ ಹೊರಬಂದದ್ದರಲ್ಲಿ ನೂರಕ್ಕೆ 20ರಿಂದ 45 ಪಾಲು ರಕ್ತವೇ ಇರುತ್ತಿತ್ತು. ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್ 1987ರಲ್ಲಿ ಪ್ರಕಟಿಸಿದ ದ್ರವ ತುಂಬುವ ಕ್ರಮ ಬಂದ ಮೇಲೆ ಅದು ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು. ತಳದ ನೀರು ಕೆಂಪಗಿದ್ದರೂ ಅದು ರಕ್ತದ ಮಡುವಲ್ಲ. ಹೆಚ್ಚಿನದು ನಾವೇ ತುಂಬಿದ ಸಲೈನ್.

ಈಗ ಲೆಕ್ಕ ಹಾಕಿ. ಬಾಟಲಿಯಲ್ಲಿ ಮೂರು ಲೀಟರ್ ಇದೆ, ತಂಗಿದ ಮೇಲೆ ಮೇಲಿನ ಹಳದಿ ಪದರ ಎರಡು ಲೀಟರ್ ಎಂದಿಟ್ಟುಕೊಳ್ಳಿ. ಕೊಬ್ಬು ನೀರಿಗಿಂತ ಹಗುರ, ಲೀಟರಿಗೆ ಸುಮಾರು 900 ಗ್ರಾಂ. ಅಂದರೆ ನಿಜವಾಗಿ ಹೋದ ಕೊಬ್ಬು 1.8 ಕೆಜಿ. ಸೊಂಟದ ಆಕಾರ ಬದಲಾಗಲು ಅದು ಬೇಕಾದಷ್ಟಾಯಿತು, ತಕ್ಕಡಿಯ ಮುಳ್ಳಿಗೆ ಏನೇನೂ ಸಾಲದು. ಆದ್ದರಿಂದ ವೈದ್ಯರನ್ನು "ಎಷ್ಟು ಲೀಟರ್ ತೆಗೆಯುತ್ತೀರಿ?" ಎಂದು ಕೇಳುವ ಬದಲು "ಅದರಲ್ಲಿ ಕೊಬ್ಬೆಷ್ಟು, ನೀರೆಷ್ಟು?" ಎಂದು ಕೇಳಿ. ಒಟ್ಟು ಐದು ಲೀಟರ್ ದಾಟಿದರೆ ಅದನ್ನು ದೊಡ್ಡ ಪ್ರಮಾಣದ ಲೈಪೊಸಕ್ಷನ್ ಎನ್ನುತ್ತಾರೆ. ರಾತ್ರಿಯಿಡೀ ನಿಗಾ ಇಡಬಲ್ಲ ಆಸ್ಪತ್ರೆಯಲ್ಲೇ ಅದಾಗಬೇಕು. ಒಂದೇ ದಿನದಲ್ಲಿ ಎಂಟು ಲೀಟರ್ ತೆಗೆದು ಸಂಜೆ ಮನೆಗೆ ಕಳಿಸುತ್ತೇವೆ ಎನ್ನುವವರಿದ್ದರೆ ಚಪ್ಪಲಿ ಮೆಟ್ಟಿ ಹೊರಡಿ.

ಕನ್ನಡಿಯ ಮುಂದಿನ ಪರೀಕ್ಷೆ

ಯಾವ ಚಿಕಿತ್ಸೆ ಎಂದು ಹೋಲಿಸುವ ಮೊದಲು ಯಾವ ಹೊಟ್ಟೆ ಎಂದು ತಿಳಿಯಬೇಕು. ಇದಕ್ಕೆ ನಮ್ಮ ಭಾಷೆಯಲ್ಲೇ ಪದಗಳಿವೆ. ಒಂದು ಡೊಳ್ಳು ಹೊಟ್ಟೆ, ಇನ್ನೊಂದು ಜೋಲು ಹೊಟ್ಟೆ. ಬಳಸುವವರಿಗೆ ಎರಡೂ ಬೈಗುಳ, ವೈದ್ಯಕೀಯವಾಗಿ ಎರಡೂ ಬೇರೆ ಬೇರೆ ರೋಗನಿರ್ಣಯ.

ಡೊಳ್ಳು ಹೊಟ್ಟೆ ಮುಂದಕ್ಕೆ ಉಬ್ಬಿ ಬಿಗಿಯಾಗಿರುತ್ತದೆ. ಬೆರಳಿನಿಂದ ತಟ್ಟಬಹುದು, ಹಿಡಿಯಲ್ಲಿ ಹಿಡಿಯಲಾಗುವುದಿಲ್ಲ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ನಮ್ಮ ಗಂಡಸರಲ್ಲಿ ಇದು ಹೆಚ್ಚು. ಇಲ್ಲಿ ಕೊಬ್ಬು ಇರುವುದು ಸ್ನಾಯುಗೋಡೆಯ ಹಿಂದೆ, ಕರುಳು ಮತ್ತು ಯಕೃತ್ತಿನ ಸುತ್ತ. ಕ್ಯಾನುಲಾ ಓಡಾಡುವುದು ಚರ್ಮ ಮತ್ತು ಸ್ನಾಯುವಿನ ನಡುವೆ. ಅದು ಗೋಡೆ ದಾಟಿ ಒಳಗೆ ಹೋಯಿತೆಂದರೆ ಅದು ಚಿಕಿತ್ಸೆಯಲ್ಲ, ಅನಾಹುತ. ಹಾಗಾಗಿ ಡೊಳ್ಳು ಹೊಟ್ಟೆಗೆ ಲೈಪೊಸಕ್ಷನ್ ಉತ್ತರವೇ ಅಲ್ಲ. ಊಟ, ನಡಿಗೆ, ನಿದ್ದೆ, ಬೇಕಿದ್ದರೆ ವೈದ್ಯರು ಕೊಡುವ ತೂಕದ ಔಷಧಿ, ತೂಕ ಅತಿಯಾಗಿದ್ದರೆ ಜಠರವನ್ನು ಚಿಕ್ಕದಾಗಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ, ಅದರ ದಾರಿಗಳು ಇವು. ಒಂದು ಸಮಾಧಾನವೆಂದರೆ ತೂಕ ಇಳಿಯತೊಡಗಿದಾಗ ಒಳಗಿನ ಈ ಕೊಬ್ಬು ಬೇಗ ಕರಗುತ್ತದೆ.

ಜೋಲು ಹೊಟ್ಟೆಯ ಕಥೆ ಬೇರೆ. ಬಗ್ಗಿದಾಗ ಚೀಲದಂತೆ ನೇತಾಡುತ್ತದೆ, ಹಿಡಿದರೆ ಕೈಗೆ ಸಿಗುವುದು ತೆಳ್ಳಗಿನ, ಸುಕ್ಕುಗಟ್ಟಿದ ಚರ್ಮ. ಎರಡು ಮೂರು ಹೆರಿಗೆಯಾದವರಲ್ಲಿ, ಇಪ್ಪತ್ತು ಮೂವತ್ತು ಕೆಜಿ ಇಳಿಸಿದವರಲ್ಲಿ ಇದು ಸಾಮಾನ್ಯ. ಹಿಗ್ಗಿದ ಚರ್ಮದ ಒಳಗಿನ ಕೊಬ್ಬನ್ನಷ್ಟೇ ಸೇದಿದರೆ ಗಾಳಿ ಬಿಟ್ಟ ಬಲೂನಿನಂತೆ ಇನ್ನಷ್ಟು ಜೋಲುತ್ತದೆ. ಅಂಗಾತ ಮಲಗಿ ತಲೆಯನ್ನು ಮಾತ್ರ ಎತ್ತಿ ನೋಡಿ. ಹೊಟ್ಟೆಯ ನಡುವೆ ಉದ್ದಕ್ಕೆ ದಿಣ್ಣೆಯೊಂದು ಎದ್ದರೆ ಬಸಿರಿನಲ್ಲಿ ಸ್ನಾಯುಗಳು ಬೇರೆಯಾಗಿ ಹಾಗೇ ಉಳಿದಿವೆ ಎಂದರ್ಥ. ಅದನ್ನು ಹೊಲಿದು ಹತ್ತಿರ ತರಬೇಕು, ಹೆಚ್ಚಾದ ಚರ್ಮವನ್ನು ಕತ್ತರಿಸಬೇಕು. ಆ ಶಸ್ತ್ರಚಿಕಿತ್ಸೆಗೆ ಟಮ್ಮಿ ಟಕ್ ಎನ್ನುತ್ತಾರೆ. ಹೊಕ್ಕುಳಿನ ಹತ್ತಿರ ಹರ್ನಿಯಾ ಇದ್ದರಂತೂ ಕ್ಯಾನುಲಾ ಕರುಳಿಗೆ ತಾಗುವ ಅಪಾಯವಿದೆ. ಮೊದಲು ಸ್ಕ್ಯಾನ್ ಆಗಲೇಬೇಕು.

ಇವೆರಡರ ನಡುವೆ ಬರುವವರು ಲೈಪೊಸಕ್ಷನ್‌ಗೆ ಹೇಳಿ ಮಾಡಿಸಿದವರು. ಒಟ್ಟು ತೂಕ ಹೆಚ್ಚುಕಡಿಮೆ ಸರಿಯಿದೆ, ಚರ್ಮ ಚಿವುಟಿ ಬಿಟ್ಟರೆ ತಕ್ಷಣ ಹಿಂದೆ ಸರಿಯುತ್ತದೆ, ಆದರೆ ಸೊಂಟದ ಪಕ್ಕ, ತೊಡೆಯ ಹೊರಬದಿ, ಗಲ್ಲದ ಕೆಳಗೆ ಎಷ್ಟು ನಡೆದರೂ ಕರಗದ, ಬೆರಳಿಗೆ ದಪ್ಪಗೆ ಸಿಗುವ ಕೊಬ್ಬು ಉಳಿದಿದೆ. ಇವರಿಗೆ ಫಲ ಚೆನ್ನಾಗಿ ಕಾಣುತ್ತದೆ. ಗಂಡಸರ ಎದೆಯ ವಿಷಯದಲ್ಲಿ ಒಂದು ಮಾತು: ಮೊಲೆತೊಟ್ಟಿನ ಕೆಳಗೆ ರಬ್ಬರಿನಂಥ ಗಟ್ಟಿ ಬಿಲ್ಲೆ ಸಿಕ್ಕಿದರೆ ಅದು ಗ್ರಂಥಿ, ಕೊಬ್ಬಲ್ಲ. ಅದನ್ನು ಸೇದಲಾಗದು, ಕತ್ತರಿಸಿ ತೆಗೆಯಬೇಕು.

ಇನ್ನು ಸಕ್ಕರೆ ಕಾಯಿಲೆ, ಬಿಪಿ ಕಡಿಮೆಯಾಗುತ್ತದೆ ಎಂಬ ಆಸೆಯಿಂದ ಬರುವವರಿದ್ದಾರೆ. 2004ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೊಜ್ಜಿದ್ದ 15 ಹೆಂಗಸರ ಹೊಟ್ಟೆಯಿಂದ ಒಬ್ಬೊಬ್ಬರಿಗೆ ಸುಮಾರು ಹತ್ತು ಕೆಜಿ ಕೊಬ್ಬು ತೆಗೆದರು. ಹತ್ತು ಹನ್ನೆರಡು ವಾರದ ಬಳಿಕ ನೋಡಿದರೆ ಇನ್ಸುಲಿನ್ ಕೆಲಸ ಮಾಡುವ ರೀತಿಯಲ್ಲಾಗಲಿ, ರಕ್ತದೊತ್ತಡದಲ್ಲಾಗಲಿ, ಕೊಲೆಸ್ಟ್ರಾಲಿನಲ್ಲಾಗಲಿ ಸುಧಾರಣೆ ಇರಲಿಲ್ಲ. ಸೇದಿದ್ದು ಹೊರಗಿನ ಕೊಬ್ಬು, ಕಾಯಿಲೆಯ ಬೇರಿರುವುದು ಒಳಗಿನದರಲ್ಲಿ.

ಸೇದುವುದೋ, ಹೆಪ್ಪುಗಟ್ಟಿಸುವುದೋ

ಚಾಕು ಬೇಡ ಎನ್ನುವವರಿಗೆ ಕ್ರಯೊಲಿಪಾಲಿಸಿಸ್ ಎಂಬ ಶೀತ ಚಿಕಿತ್ಸೆಯ ಜಾಹೀರಾತು ಕಣ್ಣಿಗೆ ಬಿದ್ದೇ ಬೀಳುತ್ತದೆ. ಇದರ ತರ್ಕ ಸುಳ್ಳಲ್ಲ. ಡಿಸೆಂಬರಿನ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗಿರುತ್ತದೆ, ಪಕ್ಕದ ಚೊಂಬಿನ ನೀರು ನೀರಾಗಿಯೇ ಇರುತ್ತದೆ. ಹಾಗೆಯೇ ಚರ್ಮಕ್ಕೆ ಹಾನಿಯಾಗದಷ್ಟು ತಂಪು ಕೊಟ್ಟರೂ ಕೊಬ್ಬಿನ ಕೋಶಗಳು ನರಳಿ ಸಾಯುತ್ತವೆ, ದೇಹ ಅವನ್ನು ಎರಡು ಮೂರು ತಿಂಗಳಲ್ಲಿ ಮೆಲ್ಲಗೆ ತೆರವು ಮಾಡುತ್ತದೆ. ಹಾರ್ವರ್ಡಿನ ಮ್ಯಾನ್‌ಸ್ಟೈನ್ ಮತ್ತು ಆ್ಯಂಡರ್ಸನ್ ರೂಪಿಸಿದ ಈ ವಿಧಾನಕ್ಕೆ ಅಮೆರಿಕದಲ್ಲಿ 2010ರಲ್ಲಿ ಅನುಮತಿ ಸಿಕ್ಕಿತು.

ಚಿಕಿತ್ಸೆ ಮಾಡಿದ ಜಾಗದಲ್ಲಿ ಕೊಬ್ಬಿನ ಪದರ ಐದರಲ್ಲೊಂದು, ಹೆಚ್ಚೆಂದರೆ ನಾಲ್ಕರಲ್ಲೊಂದು ಪಾಲು ತೆಳುವಾಗುತ್ತದೆ. ರಜೆ ಬೇಡ, ಅರಿವಳಿಕೆ ಬೇಡ. ಸಣ್ಣದೊಂದು ಉಬ್ಬು ಮಾತ್ರ ಕಾಡುತ್ತಿದ್ದರೆ, ಮೂರು ತಿಂಗಳು ಕಾಯುವ ತಾಳ್ಮೆಯಿದ್ದರೆ ನೋಡಬಹುದು. ಆದರೆ ಹೊಟ್ಟೆ, ಸೊಂಟ, ತೊಡೆ ಎಂದು ಜಾಗ ಕೂಡಿಸುತ್ತ, ಮತ್ತೆ ಮತ್ತೆ ಸರದಿ ಹಾಕಿಸುತ್ತ ಹೋದರೆ ಖರ್ಚು ಲೈಪೊಸಕ್ಷನ್‌ನ ಹತ್ತಿರಕ್ಕೆ ಬಂದು ನಿಲ್ಲುತ್ತದೆ, ಫಲ ಬರುವುದಿಲ್ಲ. ಅಪರೂಪಕ್ಕೆ ತದ್ವಿರುದ್ಧವೂ ಆಗುತ್ತದೆ: ತಂಪು ಕೊಟ್ಟ ಜಾಗದಲ್ಲೇ ಕೊಬ್ಬು ಗಟ್ಟಿಯಾಗಿ ಬೆಳೆಯುತ್ತದೆ. ಮಾಡೆಲ್ ಲಿಂಡಾ ಇವಾಂಜೆಲಿಸ್ಟಾ ತಮಗೆ ಹಾಗಾಯಿತೆಂದು 2021ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ತಮಾಷೆಯೆಂದರೆ ಅದನ್ನು ಸರಿಪಡಿಸಲು ಸಾಮಾನ್ಯವಾಗಿ ಲೈಪೊಸಕ್ಷನ್ನೇ ಬೇಕಾಗುತ್ತದೆ.

ಯಂತ್ರಗಳ ಜಗಳ

ವೇಸರ್, ಲೇಸರ್, ಪವರ್, ವಾಟರ್ ಜೆಟ್. ಲೈಪೊಸಕ್ಷನ್ ಯಂತ್ರಗಳ ಈ ಹೆಸರುಗಳ ಮೇಲೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವವರನ್ನು ನೋಡಿದ್ದೇನೆ. ಕೊನೆಯಲ್ಲಿ ಎಲ್ಲದರಲ್ಲೂ ಕೊಬ್ಬನ್ನು ಸೇದುವುದು ಕೊಳವೆಯೇ. ಪವರ್ ಎಂದರೆ ಕೊಳವೆ ತಾನೇ ಕಂಪಿಸುತ್ತದೆ, ವೈದ್ಯರ ತೋಳಿಗೆ ದಣಿವು ಕಡಿಮೆ. ವೇಸರ್‌ನಲ್ಲಿ ಶ್ರವಣಾತೀತ ಶಬ್ದದಿಂದ ಕೊಬ್ಬನ್ನು ಮೊದಲು ಸಡಿಲಿಸುತ್ತಾರೆ. ಬೆನ್ನು, ಗಂಡಸರ ಎದೆ, ಒಮ್ಮೆ ಚಿಕಿತ್ಸೆಯಾಗಿ ಒಳಗೆ ನಾರುಗಟ್ಟಿದ ಜಾಗ, ಇಂಥ ಕಡೆ ಇದರಿಂದ ನಿಜವಾದ ಅನುಕೂಲವಿದೆ. ಲೇಸರ್ ಚರ್ಮವನ್ನು ಬಿಗಿಗೊಳಿಸುತ್ತದೆ ಎನ್ನುತ್ತಾರೆ, ಬಿಗಿಗೊಳಿಸಿದರೂ ಅಲ್ಪ. ಶಾಖ ಹುಟ್ಟಿಸುವ ವೇಸರ್, ಲೇಸರ್ ಎರಡರಲ್ಲೂ ಒಳಗಿನಿಂದ ಚರ್ಮ ಸುಡುವ ಅಪಾಯವಿದೆ. ನನ್ನ ಅಭಿಪ್ರಾಯ ಕೇಳಿದರೆ, ಹಳೆಯ ಕೈಕೊಳವೆ ಹಿಡಿದ ಅನುಭವಿಯ ಮುಂದೆ ಹೊಸ ಯಂತ್ರ ಕೊಂಡ ಹೊಸಬ ಸಾಟಿಯಲ್ಲ.

ಕೈ ಯಾರದು ಎಂಬುದನ್ನು ನೋಡುವುದು ಹೀಗೆ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಪದವಿ ಇದೆಯೇ, ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಣಿಯಾಗಿದೆಯೇ ಎಂದು ಕೇಳಿ. ಕೇಳಿದರೆ ಬೇಸರಿಸಿಕೊಳ್ಳುವವರ ಹತ್ತಿರ ಹೋಗಬೇಡಿ. ಖಾಸಗಿ ಆಸ್ಪತ್ರೆಗಳು ನೋಂದಣಿ ಪತ್ರವನ್ನು ಎದ್ದು ಕಾಣುವಂತೆ ತೂಗುಹಾಕಬೇಕೆಂದು ರಾಜ್ಯದ 2007ರ ಕಾಯ್ದೆಯೇ ಹೇಳುತ್ತದೆ, ಸ್ವಾಗತ ಕೊಠಡಿಯ ಗೋಡೆ ನೋಡಿ. ಅರಿವಳಿಕೆ ತಜ್ಞರು ಉದ್ದಕ್ಕೂ ಇರುತ್ತಾರೆಯೇ, ಅದೇ ಕಟ್ಟಡದಲ್ಲಿ ಐಸಿಯು ಇದೆಯೇ? 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸಿಕೊಳ್ಳಲು ಆಸ್ಪತ್ರೆಗೆ ಸೇರಿ ಸಾವಿಗೀಡಾದ ಸುದ್ದಿ ಓದಿದ ದಿನದಿಂದ, ನನ್ನನ್ನು ಕೇಳಿಕೊಂಡು ಬಂದವರಿಗೆಲ್ಲ ಐಸಿಯು ಪ್ರಶ್ನೆಯನ್ನೇ ಮೊದಲು ಕೇಳಿ ಎನ್ನುತ್ತೇನೆ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ನಡುವೆ ನಡೆಸಿ 2000ದಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸುಮಾರು ಐದು ಸಾವಿರಕ್ಕೊಂದು ಸಾವಿನ ಲೆಕ್ಕ ಬಂದಿತ್ತು. ಮುಖ್ಯ ಕಾರಣ ಕಾಲಿನ ರಕ್ತನಾಳದಲ್ಲಿ ಗರಣೆ ಕಟ್ಟಿ ಶ್ವಾಸಕೋಶಕ್ಕೆ ಸಾಗುವುದು. ನಂತರದ ವರ್ಷಗಳಲ್ಲಿ ಅಪಾಯ ಇಳಿದಿದೆ, ಇಲ್ಲವಾಗಿಲ್ಲ. ಟಮ್ಮಿ ಟಕ್ ಮತ್ತು ದೊಡ್ಡ ಲೈಪೊಸಕ್ಷನ್ನನ್ನು ಒಟ್ಟಿಗೆ ಮಾಡಿದರೆ ಅದು ಏರುತ್ತದೆ.

ಹಣದ ಮಾತು ಚಿಕ್ಕದು. ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಿಗುವುದಿಲ್ಲ, ಮೇಲಿಂದ 18 ಶೇಕಡಾ ಜಿಎಸ್‌ಟಿ ಇದೆ. ಪ್ಯಾಕೇಜ್ ಎಂದಾಗ ಅರಿವಳಿಕೆಯ ಶುಲ್ಕ, ಚಿಕಿತ್ಸೆಯಾದ ಜಾಗವನ್ನು ಒತ್ತಿಹಿಡಿಯುವ ಬಿಗಿ ಉಡುಪು, ಆಮೇಲಿನ ಭೇಟಿಗಳು ಅದರಲ್ಲಿ ಸೇರಿವೆಯೇ ಎಂದು ಬರೆಸಿಕೊಳ್ಳಿ.

ಮನೆಗೆ ಬಂದ ಮೇಲೆ

ಚೇತರಿಕೆಯನ್ನೂ ಹೋಲಿಸಿ ನೋಡಬೇಕು. ಗಲ್ಲದ ಕೆಳಗೆ ಅಥವಾ ಸೊಂಟದ ಪಕ್ಕ ಮಾತ್ರ ಎಂದರೆ ಎರಡು ಮೂರು ದಿನದಲ್ಲಿ ಕುರ್ಚಿಯ ಕೆಲಸಕ್ಕೆ ಮರಳಬಹುದು. ಹೊಟ್ಟೆ, ಬೆನ್ನು, ತೊಡೆ ಸೇರಿದರೆ ಒಂದು ವಾರ, ಕೆಲವರಿಗೆ ಹತ್ತು ದಿನ. ಟಮ್ಮಿ ಟಕ್ ಆದರೆ ಮೊದಲ ವಾರ ಬೆನ್ನು ಬಗ್ಗಿಸಿಯೇ ನಡೆಯಬೇಕು, ದ್ರವ ಹೊರಹಾಕುವ ಡ್ರೈನ್ ಕೊಳವೆ ನೇತಾಡುತ್ತಿರಬಹುದು, ಆರು ವಾರ ತುಂಬಿದ ಬಿಂದಿಗೆಯನ್ನಾಗಲಿ ಮಗುವನ್ನಾಗಲಿ ಎತ್ತುವಂತಿಲ್ಲ. ಸೊಂಟದಿಂದ ಸೊಂಟಕ್ಕೆ ಗಾಯದ ಗೆರೆ ಜೀವಮಾನವಿಡೀ ಇರುತ್ತದೆ. ಮನೆಯಲ್ಲಿ ಎರಡು ವರ್ಷದ ಮಗುವಿದ್ದು ಎತ್ತಿಕೊಳ್ಳಲು ಬೇರೆ ಯಾರೂ ಇಲ್ಲದಿದ್ದರೆ ಟಮ್ಮಿ ಟಕ್ ಅನ್ನು ಮುಂದೂಡಿ.

ಮೊದಲ ರಾತ್ರಿ ಜೊತೆಗೆ ಯಾರಾದರೂ ಇರಲೇಬೇಕು. ಕೊಬ್ಬಿನಲ್ಲಿ ತುಂಬಿದ ಲಿಗ್ನೊಕೇನ್ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ. ಅದು ಉತ್ತುಂಗಕ್ಕೇರುವುದು ಸುಮಾರು ಹನ್ನೆರಡು ಗಂಟೆಯ ಆಸುಪಾಸಿನಲ್ಲಿ, ಅಂದರೆ ಬೆಳಿಗ್ಗೆ ಚಿಕಿತ್ಸೆಯಾದರೆ ರಾತ್ರಿ ಮನೆಯಲ್ಲಿ. ತುಟಿ ಜುಮ್ಮೆನ್ನುವುದು, ಕಿವಿಯಲ್ಲಿ ಗುಂಯ್‌ಗುಡುವುದು, ಮಾತು ತೊದಲುವುದು ಕಂಡರೆ ಬೆಳಗಾಗಲೆಂದು ಕಾಯಬಾರದು.

ಅದೇ ರಾತ್ರಿ ಗಾಯಗಳಿಂದ ನಸುಗೆಂಪು ನೀರು ಸುರಿಯುತ್ತದೆ. ಬಾಟಲಿಯ ತಳದಲ್ಲಿತ್ತಲ್ಲ, ಅದೇ ನೀರು. ಹಾಸಿಗೆ ನೆನೆದು ಹೋದಾಗ ಮನೆಯವರು ರಕ್ತವೆಂದು ಬೆದರಿ ಫೋನ್ ಮಾಡುತ್ತಾರೆ. ಬಾಣಂತಿ ಕೋಣೆಯ ಹಳೆಯ ರಬ್ಬರ್ ಶೀಟು ಇದ್ದರೆ ಹಾಸಿ, ಮೇಲೊಂದು ಹಳೆಯ ಪಂಚೆ. ಒಂದೆರಡು ದಿನದಲ್ಲಿ ನಿಲ್ಲುತ್ತದೆ. ಹರಿದು ಹೋಗುವುದು ಒಳ್ಳೆಯದೇ, ಒಳಗೆ ನಿಂತರೆ ಊತ ಹೆಚ್ಚು. ಆದರೆ ಬಟ್ಟೆ ಬಿಟ್ಟೂ ಬಿಡದೆ ಕಡುಗೆಂಪಾಗುತ್ತಿದ್ದರೆ ಅದು ಬೇರೆ ಸಂಗತಿ, ಆಸ್ಪತ್ರೆಗೆ ಹೇಳಬೇಕು. ತುಂಬಿದ ದ್ರವದ ಒಂದು ಪಾಲು, ಊತ ಇನ್ನೂ ಒಳಗೇ ಇರುವುದರಿಂದ ಮೂರನೇ ದಿನ ತೂಕ ನೋಡಿದರೆ ಹೆಚ್ಚಿರಬಹುದು. ತಕ್ಕಡಿಯನ್ನು ಮಂಚದ ಕೆಳಗೆ ತಳ್ಳಿಬಿಡಿ.

ಬಿಗಿ ಉಡುಪನ್ನು ನಾಲ್ಕರಿಂದ ಆರು ವಾರ ತೊಡಬೇಕಾಗುತ್ತದೆ. ಬಾಣಂತಿಗೆ ಸೀರೆಯಿಂದ ಹೊಟ್ಟೆ ಕಟ್ಟುತ್ತಿದ್ದೆವಲ್ಲ, ಅಷ್ಟೇ ತಾನೇ ಎಂದು ಒಬ್ಬ ಅಜ್ಜಿ ನನ್ನನ್ನು ಕೇಳಿದ್ದರು. ಅಷ್ಟೇ ಅಲ್ಲ. ಸೀರೆ ಒಂದೆಡೆ ಬಿಗಿ, ಒಂದೆಡೆ ಸಡಿಲವಾಗಿ ಮಡಿಕೆ ಬೀಳುತ್ತದೆ, ಆ ಮಡಿಕೆಯ ಗುರುತು ಚರ್ಮದಲ್ಲಿ ತಗ್ಗಾಗಿ ಉಳಿಯಬಹುದು. ಎರಡು ಜೊತೆ ಉಡುಪು ತೆಗೆದುಕೊಳ್ಳಿ, ನಮ್ಮ ಸೆಕೆಗೆ ಒಂದು ಸಾಲದು. ಅದನ್ನು ಮೊದಲ ಸಲ ಬಿಚ್ಚುವಾಗ ಎಚ್ಚರ. ಶಾಲಾ ಶಿಕ್ಷಕಿಯೊಬ್ಬರು ಮೂರನೇ ದಿನ ಸ್ನಾನದ ಮನೆಯಲ್ಲಿ ಬಾಗಿಲಿಗೆ ಚಿಲಕ ಹಾಕಿ, ನಿಂತುಕೊಂಡೇ ಕೊಕ್ಕೆಗಳನ್ನು ಒಂದೊಂದಾಗಿ ಬಿಚ್ಚಿದರು. ಕೊನೆಯ ಕೊಕ್ಕೆ ಬಿಚ್ಚಿದ್ದು ಅವರಿಗೆ ನೆನಪಿಲ್ಲ. ಒತ್ತಿಹಿಡಿದದ್ದು ಒಮ್ಮೆಗೇ ಸಡಿಲವಾದಾಗ ಬಿಪಿ ಕುಸಿಯುತ್ತದೆ. ತಿಂಡಿ ತಿಂದ ಮೇಲೆ, ಸ್ಟೂಲಿನ ಮೇಲೆ ಕುಳಿತು, ಚಿಲಕ ಹಾಕದೆ ಬಿಚ್ಚಿ.

ಊಟದ ವಿಷಯದಲ್ಲಿ ನಮ್ಮ ಮನೆಗಳ ದೊಡ್ಡ ತಕರಾರು ನಂಜು. ಹೊಲಿಗೆ ಇದೆ, ಮೊಟ್ಟೆ ನಂಜು, ಬದನೆಕಾಯಿ ನಂಜು, ಬೇಳೆ ಕೂಡ ಬೇಡ ಎಂದು ಬರೀ ಗಂಜಿ, ತಿಳಿಸಾರಿನಲ್ಲಿ ಹದಿನೈದು ದಿನ ಕಳೆಸುತ್ತಾರೆ. ಗಾಯ ಕೂಡಲು ಬೇಕಾದದ್ದೇ ಮೊಟ್ಟೆ, ಬೇಳೆ, ಕಾಳು, ಮೊಸರಿನ ಪ್ರೋಟೀನು. ಬಿಡಬೇಕಾದದ್ದು ಉಪ್ಪಿನಕಾಯಿ, ಹಪ್ಪಳ: ಉಪ್ಪು ಹೆಚ್ಚಿದಷ್ಟೂ ಊತ ಇಳಿಯದೆ ಉಳಿಯುತ್ತದೆ. ಇದಕ್ಕಿಂತ ಗಂಭೀರವಾದದ್ದು ಬಿಸಿ. ಚಿಕಿತ್ಸೆಯಾದ ಜಾಗದ ಚರ್ಮ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಜಡವಾಗಿರುತ್ತದೆ. ನೋವಿಗೆಂದು ಬಿಸಿನೀರಿನ ಚೀಲ ಇಟ್ಟುಕೊಂಡವರಿಗೆ ಅದು ಸುಡುವುದು ಗೊತ್ತಾಗುವುದೇ ಇಲ್ಲ, ಬೊಬ್ಬೆ ಎದ್ದ ಮೇಲೆ ಕಾಣುತ್ತದೆ. ಎಣ್ಣೆ ತಿಕ್ಕಿ ಹಂಡೆಯ ನೀರು ಹೊಯ್ಯುವ ಅಭ್ಯಂಜನವೂ ಸದ್ಯಕ್ಕೆ ಬೇಡ.

ಅದೇ ದಿನ ಸಂಜೆ ಮನೆಯೊಳಗೆ ನಡೆಯಬೇಕು, ದಿನಕ್ಕೆ ನಾಲ್ಕಾರು ಬಾರಿ. ಮಲಗಿಯೇ ಇರುವ ಕಾಲಲ್ಲಿ ರಕ್ತ ಗರಣೆ ಕಟ್ಟುತ್ತದೆ. ಸಿಗರೇಟು ಸೇದುವವರು, ಗರ್ಭನಿರೋಧಕ ಗುಳಿಗೆ ನುಂಗುವವರು ಇದನ್ನು ವೈದ್ಯರಿಗೆ ಮೊದಲೇ ಹೇಳಿರಬೇಕು, ಆಸ್ಪಿರಿನ್ ತೆಗೆದುಕೊಳ್ಳುವವರೂ ಅಷ್ಟೇ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಉಸಿರು ಸಾಲದಾಗುವುದು, ಜ್ವರ ಏರುವುದು, ಹೊಟ್ಟೆನೋವು ದಿನದಿಂದ ದಿನಕ್ಕೆ ಹೆಚ್ಚುವುದು, ಮೂತ್ರ ಕಡಿಮೆಯಾಗುವುದು, ಚರ್ಮ ಕಪ್ಪಿಡುವುದು, ಇವುಗಳಲ್ಲಿ ಯಾವುದು ಕಂಡರೂ ಹತ್ತಿರದ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಶಸ್ತ್ರಚಿಕಿತ್ಸೆ ಮಾಡಿದವರ ಫೋನ್ ಸಿಗಲಿಲ್ಲವೆಂದು ಕುಳಿತಿರಬೇಡಿ.

ನೀಲಿ ಕಲೆಗಳು ಎರಡು ಮೂರು ವಾರದಲ್ಲಿ ಹಳದಿಯಾಗಿ ಮಾಯುತ್ತವೆ. ಮೂರನೇ ವಾರದ ಹೊತ್ತಿಗೆ ಚರ್ಮದಡಿ ಗಂಟುಗಂಟಾಗಿ, ಹಲಗೆಯಂತೆ ಗಟ್ಟಿಯಾಗಿ ಸಿಗುತ್ತದೆ, ತುರಿಸುತ್ತದೆ. "ಇದಕ್ಕಿಂತ ಮೊದಲೇ ಚೆನ್ನಾಗಿತ್ತು" ಎಂದು ಅಳುವ ಫೋನುಗಳು ಬರುವುದು ಆಗಲೇ. ಅದು ಮಾಯುತ್ತಿರುವ ಲಕ್ಷಣ, ನಿಧಾನವಾಗಿ ಮೆದುವಾಗುತ್ತದೆ. ಒಂದೇ ಕಡೆ ನೀರಿನ ಚೀಲದಂತೆ ಅಲುಗಾಡಿದರೆ ಮಾತ್ರ ತೋರಿಸಿ, ಸಿರಿಂಜಿನಿಂದ ತೆಗೆಯಬೇಕಾಗಬಹುದು. ಭಾರದ ವ್ಯಾಯಾಮ ನಾಲ್ಕರಿಂದ ಆರು ವಾರದ ನಂತರ. ಆಮೇಲೆ ಅದನ್ನು ಬಿಡಬಾರದು. ತೆಗೆದ ಕೋಶಗಳು ಮರಳಿ ಬರುವುದಿಲ್ಲವೆಂಬ ಭರವಸೆಯ ಮೇಲೆ ನಿಂತವರಿಗೆ ಕೊಲೊರಾಡೊ ವಿಶ್ವವಿದ್ಯಾಲಯದ 2011ರ ಅಧ್ಯಯನ ಬೇರೆ ಕಥೆ ಹೇಳಿತು: ತೊಡೆಯಿಂದ ತೆಗೆದಷ್ಟು ಕೊಬ್ಬು ವರ್ಷದೊಳಗೆ ದೇಹಕ್ಕೆ ಮರಳಿತ್ತು, ತೊಡೆಗಲ್ಲ, ಹೊಟ್ಟೆಗೆ. ಮರುವರ್ಷ ಬ್ರೆಜಿಲಿನಿಂದ ಬಂದ ಇನ್ನೊಂದು ಅಧ್ಯಯನದಲ್ಲಿ, ವ್ಯಾಯಾಮ ಮುಂದುವರಿಸಿದ ಹೆಂಗಸರಲ್ಲಿ ಒಳಗೊಬ್ಬು ಹೆಚ್ಚಲಿಲ್ಲ.

ಫಲವನ್ನು ಅಳೆಯುವುದು ಆರನೇ ತಿಂಗಳಲ್ಲಿ. ದರ್ಜಿಯ ಟೇಪು ಸಾಕು. ಬೆಳಿಗ್ಗೆ ಕಾಫಿಗೆ ಮೊದಲು, ಹೊಕ್ಕುಳಿನ ನೇರಕ್ಕೆ, ಉಸಿರು ಬಿಟ್ಟ ಮೇಲೆ ಅಳೆದು, ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಹಾಗೆಯೇ ಅಳೆದು ಬರೆದಿಟ್ಟ ಸಂಖ್ಯೆಯ ಪಕ್ಕದಲ್ಲಿ ಬರೆಯಿರಿ. ಹಿಂದಿನ ದಿನ ಅಳೆಯಲು ಮರೆತವರು ಹಳೆಯ ಪ್ಯಾಂಟನ್ನೋ ರವಿಕೆಯನ್ನೋ ಹುಡುಕಬೇಕಾಗುತ್ತದೆ.